ಖಾಲಿಗೆ ಖಾಲಿ ಹೊಂದುವುದಿಲ್ಲ

ನನ್ನ ತಂಗಿಯ ಮಗಳು ಕಂಪ್ಯೂಟರ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಊಟಕ್ಕೆ ಬಂದವಳು, "ಮಾವಶಿ, ಇಷ್ಟು ವರ್ಷ ಆಫೀಸಿನ್ಯಾಗ ನೀ ಏನ್ ಮಾಡ್ತಿದ್ದಿ?" ಎಂದು ಕೇಳಿದಳು. "ಪ್ರಶ್ನೆ ಕೇಳ್ತಿದ್ದೆ" ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಮಾಹಿತಿ ತುಂಬಿಟ್ಟ ಯಂತ್ರದ ಮುಂದೆ ಕೂತು ಅದಕ್ಕೆ ಸರಿಯಾದ ಪ್ರಶ್ನೆ ಕೇಳುವುದು, ಅದು ಕೊಟ್ಟ ಉತ್ತರ ನಂಬಲು ಯೋಗ್ಯವೇ ಎಂದು ನೋಡುವುದು, ಇಷ್ಟೇ ನನ್ನ ನೌಕರಿ. ಇಂಥ ಪ್ರಶ್ನೆಗೆ ನಮ್ಮ ಕಸುಬಿನಲ್ಲಿ ಕ್ವೆರಿ ಅನ್ನುತ್ತಾರೆ. ಬಡ್ತಿ, ಸನ್ಮಾನ, ಶಾಲು ಇವುಗಳ ಕಥೆ ಯಾರಿಗೂ ಬೇಡ. ಶಾಲುಗಳು ಪೆಟ್ಟಿಗೆಯಲ್ಲಿವೆ, ಕಲಬುರಗಿಯ ಸೆಕೆಗೆ ಅವುಗಳಿಂದ ಏನೂ ಉಪಯೋಗವಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ, ಅದು ನಿಜವಾಗಿ ಹೇಗಿತ್ತು ಎಂಬುದನ್ನು ಮಾತ್ರ ಬರೆಯುತ್ತೇನೆ.

ನಾನು ಸೇರಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಐವಾನ್-ಎ-ಶಾಹಿ ಕಡೆಗೆ ಹೋಗುವ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಖಾಸಗಿಯವರ ಒಂದು ಕಂಪ್ಯೂಟರ್ ಕೇಂದ್ರವಿತ್ತು. ಶಾಲೆ, ದವಾಖಾನೆ, ಸಹಕಾರ ಸಂಘ, ಯಾರಿಗೆ ಎಂಥ ಪಟ್ಟಿ ಬೇಕಾದರೂ ನಾವು ಮಾಡಿಕೊಡುತ್ತಿದ್ದೆವು. ಊರಿಗೆಲ್ಲ ಬೆಂಕಿಯಂಥ ಬಿಸಿಲಿದ್ದಾಗ ಕಂಪ್ಯೂಟರ್ ಕೋಣೆ ಮಾತ್ರ ತಣ್ಣಗಿರುತ್ತಿತ್ತು. ಯಂತ್ರಕ್ಕೆ ಎ.ಸಿ., ಮನುಷ್ಯರಿಗೆ ಫ್ಯಾನು. ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು. ಶಹಾಬಜಾರದ ನಮ್ಮ ಮನೆಯಲ್ಲಿ ನಮ್ಮಪ್ಪ ದಿನವೂ ಎರಡು ಹೊತ್ತು ಪೂಜೆ ಮಾಡುವವರು, ಪರವೂರಿಗೆ ಹೋದರೆ ನೀರೂ ಕುಡಿಯದವರು. ಮಗಳನ್ನು ಗಂಡಸರ ನಡುವೆ ಕೆಲಸಕ್ಕೆ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ಚಪ್ಪಲಿಯ ವಿಷಯ ಕೇಳಿದ ಮೇಲೆ, "ಮಡಿ ಅದ ಅಂದ್ರ ಹೋಗಲಿ ಬಿಡು" ಎಂದು ಒಪ್ಪಿಕೊಂಡರು. ನನ್ನ ನೌಕರಿ ಉಳಿದದ್ದು ಧೂಳಿನ ಭಯದಿಂದ ಎಂದು ಈಗಲೂ ನಗು ಬರುತ್ತದೆ.

ಕೇಂದ್ರದ ಮುಖ್ಯಸ್ಥರು ಮುನೀರ್ ಸಾಹೇಬರು. ಗಣಿತ ಓದಿದವರು, ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಅಚ್ಚ ಕಲಬುರಗಿ ಕನ್ನಡ. ಅವರದೊಂದು ಪದ್ಧತಿಯಿತ್ತು. ಯಾರೇ ಆಗಲಿ ಕೀಲಿಮಣೆ ಮುಟ್ಟುವ ಮೊದಲು ತಾವು ಯಂತ್ರಕ್ಕೆ ಕೇಳುವುದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. "ಮೊದ್ಲು ಬಾಯಿಲೆ ಹೇಳ್ರಿ. ಬಾಯಿಲೆ ಬರಲಾರದ್ದು ಬೆರಳಿಗೆ ಹ್ಯಾಂಗ ಬರ್ತದ?" ಅನ್ನುತ್ತಿದ್ದರು. ಹೊರಗಿನವರು ಯಾರಾದರೂ ಬಂದರೆ ನಮ್ಮ ಕೋಣೆಯಲ್ಲಿ ಮಗ್ಗಿ ಹೇಳಿಸುತ್ತಿದ್ದಾರೇನೋ ಎಂದುಕೊಳ್ಳುತ್ತಿದ್ದರು. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಅದಿಲ್ಲದೆ ಕೆಲಸವೇ ಸಾಗದಂತಾಯಿತು.

ಆಗಿನ ಕೆಲಸದ ರೀತಿ ಈಗಿನವರಿಗೆ ಹೇಳಿದರೆ ಕನಿಕರ ಪಡುತ್ತಾರೆ. ಕಮಲಾಪುರದ ವಿದ್ಯಾರ್ಥಿಗಳ ಹೆಸರು ಬೇಕೆಂದರೆ ಯಂತ್ರಕ್ಕೆ ಒಂದೊಂದು ಹೆಜ್ಜೆಯನ್ನೂ ನಾವೇ ಹೇಳಿಕೊಡಬೇಕಿತ್ತು. ಫೈಲು ತೆರೆ, ಮೊದಲ ದಾಖಲೆಗೆ ಹೋಗು, ಊರಿನ ಹೆಸರು ನೋಡು, ಕಮಲಾಪುರವಾಗಿದ್ದರೆ ಬರೆದುಕೋ, ಇಲ್ಲದಿದ್ದರೆ ಮುಂದಿನದಕ್ಕೆ ಹೋಗು, ಕೊನೆ ಮುಟ್ಟಿದೆಯೇ ನೋಡು. ಇದನ್ನೆಲ್ಲ ಬರೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನದ ರೊಟ್ಟಿ ಒಣಗಿ ಹೋಗಿರುತ್ತಿತ್ತು. ಅದರ ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ತೊಂಬತ್ತರ ದಶಕದ ನಡುವೆ ನಮ್ಮಲ್ಲಿಗೆ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಬಲ್ಲ ರಿಲೇಷನಲ್ ಡೇಟಾಬೇಸ್ ಬಂತು, ಅದರ ಜೊತೆಗೆ ಎಸ್‌ಕ್ಯೂಎಲ್ ಎಂಬ ಪ್ರಶ್ನೆಯ ಭಾಷೆಯೂ ಬಂತು. ಆ ದಿನ ನನಗೆ ನಿನ್ನೆ ಮೊನ್ನೆಯದರಂತೆ ನೆನಪಿದೆ. ಮುನೀರ್ ಸಾಹೇಬರು ಪದ್ಧತಿಯಂತೆ ಬಾಯಿಂದ ಹೇಳಿದರು: "ಹೆಸರು ಆರಿಸು, ವಿದ್ಯಾರ್ಥಿಗಳ ಟೇಬಲ್‌ನಿಂದ, ಊರು ಕಮಲಾಪುರ ಇದ್ದಲ್ಲಿ." ಆಮೇಲೆ ಅದನ್ನೇ ಯಂತ್ರದ ಮಾತಿನಲ್ಲಿ ಬರೆದರು. ಸೆಲೆಕ್ಟ್, ಫ್ರಮ್, ವೇರ್. ಮೂರೇ ಸಾಲು. ಗುಂಡಿ ಒತ್ತಿದರು. ಹಸಿರು ಅಕ್ಷರಗಳಲ್ಲಿ ಕಮಲಾಪುರದ ಮಕ್ಕಳ ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು.

"ಮತ್ತ ಅದು ಹ್ಯಾಂಗ ಹುಡುಕ್ತು ಸಾಹೇಬ್ರ? ನಾವು ಹೇಳೇ ಇಲ್ಲಲ್ಲ?" ಎಂದೆ.

"ಮನ್ಯಾಗ ನೀರು ಕೇಳಿದ್ರ, ಎಷ್ಟು ಹೆಜ್ಜಿ ನಡೀಬೇಕು, ಯಾವ ಕೈಲೆ ತಂಬಿಗಿ ಹಿಡೀಬೇಕು ಅಂತ ಹೇಳ್ತೀರೇನು ಪದ್ಮಾಬಾಯಿ? ಏನ್ ಬೇಕು ಅದಷ್ಟೇ ಹೇಳ್ರಿ. ಹ್ಯಾಂಗ ತರೋದು ಅದ್ರ ಜಿಮ್ಮೇದಾರಿ."

ನನ್ನ ಮೈಮೇಲೆ ಮುಳ್ಳು ಎದ್ದವು. ಉತ್ಪ್ರೇಕ್ಷೆಯಲ್ಲ, ತೋಳು ತಿರುಗಿಸಿ ಪಕ್ಕದವರಿಗೆ ತೋರಿಸಿದ್ದೆ. ಬೇಕಾದದ್ದನ್ನು ಸರಿಯಾಗಿ ಹೇಳಿದರೆ ಸಾಕು, ಬರುತ್ತದೆ! ಇಷ್ಟು ವರ್ಷ ಯಂತ್ರದ ಕೈ ಹಿಡಿದು ನಡೆಸಿದವಳಿಗೆ ಅದು ತಾನಾಗಿ ಎದ್ದು ಓಡಿದ ಹಾಗೆ ಕಂಡಿತು.

ಅದಕ್ಕಿಂತ ಹೆಚ್ಚು ಬೆರಗಾದದ್ದು ಎರಡು ಟೇಬಲ್‌ಗಳನ್ನು ಜೋಡಿಸುವುದನ್ನು ಕಂಡಾಗ. ಟೇಬಲ್ ಎಂದರೆ ಸಾಲು ಮತ್ತು ಕಾಲಂಗಳಿರುವ ಪಟ್ಟಿ, ಅಷ್ಟೇ. ವಿದ್ಯಾರ್ಥಿಗಳದೊಂದು, ಶಾಲೆಗಳದೊಂದು. ವಿದ್ಯಾರ್ಥಿಯ ಸಾಲಿನಲ್ಲಿ ಶಾಲೆಯ ಸಂಖ್ಯೆಯೊಂದಿದ್ದರೆ ಸಾಕು, ಶಾಲೆಯ ಹೆಸರು, ಊರು, ಮುಖ್ಯೋಪಾಧ್ಯಾಯರು ಎಲ್ಲ ಅದರ ಬೆನ್ನಿಗೆ ಬರುತ್ತವೆ. ನಮ್ಮ ಶಹಾಬಜಾರದ ಓಣಿಯಲ್ಲಿ "ಯಾರ ಮನಿ ಹುಡುಗ ನೀ?" ಎಂದು ಒಂದು ಮಾತು ಕೇಳಿದರೆ ಮನೆತನದ ಪುರಾಣವೆಲ್ಲ ಹೊರಬೀಳುವುದಿಲ್ಲವೇ, ಹಾಗೆ. ನಮ್ಮ ಅಜ್ಜಿಯಂದಿರಿಗೆ ಈ ವಿದ್ಯೆ ಮೊದಲಿನಿಂದಲೇ ಗೊತ್ತಿತ್ತು ಎಂದು ನಾನು ಮುನೀರ್ ಸಾಹೇಬರಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಜೋಡಿಸುವಾಗ ಯಾವುದಕ್ಕೆ ಯಾವುದು ಎಂಬ ಷರತ್ತು ಹಾಕಬೇಕು. ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಕೇಂದ್ರಕ್ಕೆ ತೋರಿಸಿಕೊಟ್ಟವನು ಶಿವಕುಮಾರ. ನನಗಿಂತ ಕೆಲವು ವರ್ಷ ಚಿಕ್ಕವನು, ಚುರುಕು, ಬಾಯಿಂದ ಹೇಳುವ ಪದ್ಧತಿಯನ್ನು ಕಂಡರೆ ಅವನಿಗೆ ಬೇಸರ. ಒಂದು ಮಧ್ಯಾಹ್ನ ಸಾಹೇಬರು ನಮಾಜಿಗೆ ಹೋಗಿದ್ದಾಗ ವಿದ್ಯಾರ್ಥಿ ಟೇಬಲ್ಲು, ಶಾಲೆ ಟೇಬಲ್ಲು ಎರಡನ್ನೂ ಕರೆದು, ಷರತ್ತು ಬರೆಯುವುದನ್ನು ಮರೆತು, ನೇರ ಪ್ರಿಂಟರಿಗೆ ಕಳಿಸಿ ಚಹಾ ಕುಡಿಯಲು ಇಳಿದುಬಿಟ್ಟ. ಯಂತ್ರ ಪ್ರತಿಯೊಬ್ಬ ಹುಡುಗನನ್ನೂ ಪ್ರತಿಯೊಂದು ಶಾಲೆಗೂ ಸೇರಿಸುತ್ತ ಹೋಯಿತು. ಮೊದಲ ಹುಡುಗನೊಬ್ಬನೇ ಇಡೀ ವಿಭಾಗದ ಶಾಲೆಗಳನ್ನೆಲ್ಲ ಸುತ್ತಿ ಬಂದ. ಪ್ರಿಂಟರು ಕಿರ್ರೋ ಎಂದು ಕೂಗುತ್ತ ಮಡಿಕೆ ಮಡಿಕೆಯಾಗಿ ಕಾಗದ ಉಗುಳಿತು, ಅದು ಮೆಟ್ಟಿಲವರೆಗೆ ಹರಿದಾಡಿತ್ತು. ಸಾಹೇಬರು ಬಂದವರೇ ಸ್ವಿಚ್ಚು ತೆಗೆದು, ಕಾಗದದ ರಾಶಿ ನೋಡಿ, "ಶಿವಕುಮಾರ, ಇವನಿಗೆ ಟಿ.ಸಿ. ಎಷ್ಟು ಬರ್ಕೊಡಬೇಕಪಾ?" ಎಂದರು. ಬೈಗುಳ ಅಷ್ಟೇ. ಅಂದಿನಿಂದ ಶಿವಕುಮಾರನೂ ಬಾಯಿಂದ ಹೇಳತೊಡಗಿದ.

ಇನ್ನೊಂದು ಸಂಗತಿ ಹೇಳಬೇಕು, ಏಕೆಂದರೆ ಮುಂದೆ ಬರುವುದಕ್ಕೆಲ್ಲ ಅದೇ ಕಾರಣ. ಒಮ್ಮೆ ಬೆಂಗಳೂರಿನಿಂದ ತಜ್ಞರೊಬ್ಬರು ನಮ್ಮ ಮಾಹಿತಿಯ ಗುಣಮಟ್ಟ ನೋಡಲು ಬಂದರು. ಹುಟ್ಟಿದ ದಿನಾಂಕಗಳನ್ನು ಗುಂಪು ಮಾಡಿ ಎಣಿಸುವ ಕ್ವೆರಿಯೊಂದನ್ನು ಬರೆಸಿದರು. ಉತ್ತರ ನೋಡಿ ಅವರ ಮುಖ ಗಂಭೀರವಾಯಿತು. ಎಲ್ಲಿ ನೋಡಿದರೂ ಜೂನ್ ಒಂದು. ಟೈಪು ಮಾಡುವವರು ಬೇಸರಕ್ಕೆ ಒಂದೇ ತಾರೀಖು ತುಂಬಿದ್ದಾರೆ, ಇದೆಲ್ಲ ಮತ್ತೆ ಮಾಡಿಸಬೇಕು ಎಂದರು. ಮುನೀರ್ ಸಾಹೇಬರು ಮೆಲ್ಲಗೆ, "ನಂದೂ ಜೂನ್ ಒಂದೇ ರೀ" ಎಂದರು. ಶಿವಕುಮಾರ, "ನಂದೂ" ಎಂದ. ಬಾಗಿಲ ಬಳಿ ನಿಂತಿದ್ದ ಜವಾನನೂ ಕೈ ಎತ್ತಿದ. ನಮ್ಮ ಕಡೆ ಮಗು ಹುಟ್ಟಿದ ತಾರೀಖನ್ನು ಯಾರು ಬರೆದಿಡುತ್ತಿದ್ದರು? ಸುಗ್ಗಿಯಲ್ಲಿ ಹುಟ್ಟಿತು, ಹಬ್ಬದ ಮರುದಿನ ಹುಟ್ಟಿತು ಅನ್ನುತ್ತಿದ್ದರು. ಶಾಲೆಗೆ ಸೇರಿಸುವಾಗ ಮಾಸ್ತರರು ಮಗುವಿನ ಎತ್ತರ ನೋಡಿ ವರ್ಷ ಅಂದಾಜು ಮಾಡಿ, ತಾರೀಖಿಗೆ ಶಾಲೆ ಶುರುವಾಗುವ ಜೂನ್ ಒಂದನ್ನೇ ಹಾಕಿಬಿಡುತ್ತಿದ್ದರು. ಬೆಂಗಳೂರಿನವರು ಬಿದ್ದು ಬಿದ್ದು ನಕ್ಕು, ಎಲ್ಲರಿಗೂ ಒಟ್ಟಿಗೇ ಹುಟ್ಟುಹಬ್ಬದ ಮಿಠಾಯಿ ತರಿಸಿದರು. ಒಳ್ಳೆಯ ಮನುಷ್ಯ.

ಆದರೆ ನಗು ಮುಗಿದ ಮೇಲೆ ಒಂದು ಚಿಂತೆ ಉಳಿಯಿತು. ಒಬ್ಬರನ್ನು ಗುರುತಿಸಲು ಹೆಸರು ಮತ್ತು ಹುಟ್ಟಿದ ದಿನಾಂಕ ನಮ್ಮಲ್ಲಿ ಸಾಲದು. ಜೂನ್ ಒಂದರಂದು ಹುಟ್ಟಿದ ಶರಣಬಸಪ್ಪಂದಿರು ಊರಿಗೆ ಹತ್ತು ಮಂದಿ ಇರುತ್ತಾರೆ. ಎಲ್ಲರೂ ಕೂತು ವಿಚಾರ ಮಾಡಿ ಒಂದು ನಿಯಮ ಮಾಡಿದೆವು. ಸಂಖ್ಯೆಯಿಲ್ಲದ ಎರಡು ಪಟ್ಟಿಗಳನ್ನು ಜೋಡಿಸುವಾಗ ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು, ಮೂರೂ ಹೊಂದಬೇಕು. ಗಟ್ಟಿ ನಿಯಮ. ವರ್ಷಗಟ್ಟಲೆ ಅದರಿಂದ ನಮಗೆ ಒಳ್ಳೆಯದೇ ಆಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಟ್ರಸ್ಟ್ ಒಂದು ನಡೆಸುತ್ತಿದ್ದ ನರ್ಸಿಂಗ್ ಶಾಲೆಯ ಪ್ರವೇಶ ಪರೀಕ್ಷೆಯ ಕೆಲಸ ನಮಗೆ ಬಂತು. ಹಳ್ಳಿಯ ಹುಡುಗಿಯರಿಗಾಗಿಯೇ ಇದ್ದ ಶಾಲೆ, ಇರಲು ಹಾಸ್ಟೆಲ್ಲೂ ಇತ್ತು. ಹುಡುಗಿಯರು ತುಂಬಿದ ಅರ್ಜಿಗಳು ಒಂದು ಟೇಬಲ್. ಅವರು ಓದಿದ ಶಾಲೆಗಳು ಕಳಿಸಿದ ವಿವರ ಮತ್ತು ಅಂಕಗಳು ಇನ್ನೊಂದು ಟೇಬಲ್. ಎರಡನ್ನೂ ನಮ್ಮಲ್ಲೇ ಟೈಪು ಮಾಡಿಸಿದ್ದೆವು. ಎರಡೂ ಕಡೆ ಹೊಂದಿದವರಿಗೆ ಹಾಲ್ ಟಿಕೆಟ್ ಅಚ್ಚಾಗಿ ಅಂಚೆಯಲ್ಲಿ ಹೋಯಿತು. ಹೊಂದದವರು ಶಾಲೆಯ ವಿವರ ಬಾರದವರು ಎಂದು ಬಿಟ್ಟುಹೋದರು. ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದುಕೊಂಡಿದ್ದೆವು.

ಪರೀಕ್ಷೆಗೆ ಇನ್ನೇನು ಒಂದೆರಡು ದಿನವಿರುವಾಗ, ಬೆಳಿಗ್ಗೆ ನಾನು ಕೇಂದ್ರದ ಬಾಗಿಲು ತೆರೆಸುವ ಹೊತ್ತಿಗೆ ಮೆಟ್ಟಿಲ ಮೇಲೆ ತಾಯಿ ಮಗಳು ಕೂತಿದ್ದರು. ತಾಯಿ ಶಾಂತಾಬಾಯಿ, ಕಮಲಾಪುರದ ಬಸ್ ನಿಲ್ದಾಣದ ಎದುರು ಬಾಳೆಹಣ್ಣು ಮಾರುವವಳು. ಮಗಳು ಸುನಂದಾ. ಮೊದಲ ಬಸ್ಸಿಗೆ ಹೊರಟು, ನರ್ಸಿಂಗ್ ಶಾಲೆಗೆ ಹೋಗಿ, ಅಲ್ಲಿನ ಕಾವಲುಗಾರನಿಂದ ನಮ್ಮ ವಿಳಾಸ ತಿಳಿದು ಬಂದಿದ್ದರು.

"ಬಾಯಾರ, ನಮ್ಮ ಊರಾಗ ಎಲ್ಲಾ ಹುಡುಗ್ಯಾರಿಗಿ ಚೀಟಿ ಬಂದಾವ್ರಿ. ನಮ್ಮಕಿಗಿ ಒಬ್ಬಾಕಿಗೇ ಬಂದಿಲ್ಲ" ಎಂದಳು ಶಾಂತಾಬಾಯಿ. "ಸಾಲ್ಯಾಗ ಕೇಳಿದ್ರ ನಾವು ಕಳಿಸೀವಿ ಅಂತಾರ. ಟಪಾಲದವ್ನ ಕೇಳಿದ್ರ ನನ್ನ ಕೈಯಾಗಿಲ್ಲ ಅಂತಾನ. ಈ ವರ್ಷ ಬಿಟ್ರ ಅಕಿ ಮತ್ತ ನನ್ನ ಜೋಡಿ ಹಣ್ಣಿನ ಬುಟ್ಟಿ ಹೊರಬೇಕ್ರಿ. ಮತ್ತ ನನಗ ಆಗಿದ್ದೆಲ್ಲಾ ಅಕಿಗೂ ಆಗ್ತದ."

ಕೊನೆಯ ಮಾತು ನನಗೆ ಆಗ ಅರ್ಥವಾಗಲಿಲ್ಲ. ಇಬ್ಬರನ್ನೂ ಒಳಗೆ ಕರೆದೆ. ಸುನಂದಾ ಚಪ್ಪಲಿ ಬಿಟ್ಟು, ಫಲಿತಾಂಶದ ದಿನ ಗೋಡೆಗಂಟಿಕೊಂಡು ನಿಲ್ಲುವ ಮಕ್ಕಳಂತೆ ಒಂದು ಮೂಲೆಯಲ್ಲಿ ನಿಂತಳು. ಅರ್ಜಿಗಳ ಟೇಬಲ್‌ನಲ್ಲಿ ಹುಡುಕಿದೆ, ಇದ್ದಳು. ಶಾಲೆಗಳ ಟೇಬಲ್‌ನಲ್ಲಿ ಹುಡುಕಿದೆ, ಅಲ್ಲಿಯೂ ಇದ್ದಳು, ಅದೂ ಒಳ್ಳೆಯ ಅಂಕಗಳೊಂದಿಗೆ. ಎರಡನ್ನೂ ಜೋಡಿಸಿದರೆ ಇಲ್ಲ! ನನಗೆ ಗಾಬರಿಯಾಯಿತು. ಕಣ್ಣೆದುರು ನಿಂತಿದ್ದಾಳೆ, ಎರಡು ಪಟ್ಟಿಯಲ್ಲೂ ಇದ್ದಾಳೆ, ಸೇರಿಸಿದ ಕೂಡಲೇ ಮಾಯ.

"ಕಂಪ್ಯೂಟರ್ ತಪ್ಪಿರಬೇಕು ಸಾಹೇಬ್ರ" ಎಂದ ಶಿವಕುಮಾರ.

"ಕಂಪ್ಯೂಟರ್ ಕೇಳಿದ್ದಕ್ಕ ಉತ್ತರ ಕೊಡ್ತದ. ನಾವೇನ್ ಕೇಳೀವಿ ನೋಡ್ರಿ. ಪದ್ಮಾಬಾಯಿ, ಬಾಯಿಲೆ ಹೇಳ್ರಿ. ಒಂದೊಂದೇ ಷರತ್ತು" ಎಂದರು ಮುನೀರ್ ಸಾಹೇಬರು.

ತಾಯಿ ಮಗಳ ಎದುರಿಗೇ ಗಟ್ಟಿಯಾಗಿ ಹೇಳುತ್ತ ಹೋದೆ. "ಎರಡೂ ಕಡೆ ಹೆಸರು ಒಂದೇ ಇರಬೇಕು." ಗುಂಡಿ ಒತ್ತಿದೆ, ಸುನಂದಾ ಬಂದಳು. "ಹುಟ್ಟಿದ ತಾರೀಖೂ ಒಂದೇ ಇರಬೇಕು." ಜೂನ್ ಒಂದು, ಮತ್ತೆ ಬಂದಳು. "ತಂದೆಯ ಹೆಸರೂ ಒಂದೇ ಇರಬೇಕು." ಪರದೆ ಬರಿದಾಯಿತು.

ತಂದೆಯ ಹೆಸರಿನ ಕಾಲಂ ತೆಗೆದು ನೋಡಿದೆ. ಅರ್ಜಿಯಲ್ಲಿ ಖಾಲಿ. ಶಾಲೆಯ ವಿವರದಲ್ಲಿಯೂ ಖಾಲಿ.

"ಎರಡೂ ಕಡೆ ಖಾಲಿನೇ ಅದ ಅಲ್ರಿ ಸಾಹೇಬ್ರ. ಖಾಲಿಗಿ ಖಾಲಿ ಹೊಂದಬೇಕಲ್ಲ?" ಎಂದೆ.

ಮುನೀರ್ ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. "ಹೊಂದಲ್ಲ. ನಮ್ಮ ಮಾತಿನ್ಯಾಗ ಖಾಲಿ ಅಂತೀವಿ, ಅದ್ರ ಮಾತಿನ್ಯಾಗ ಅದು ನಲ್. ನಲ್ ಅಂದ್ರ ಸೊನ್ನಿ ಅಲ್ಲ, ಬರಿಗೈ ಅಲ್ಲ. ಗೊತ್ತಿಲ್ಲ ಅಂತ. ಇಲ್ಲಿ ತಂದಿ ಯಾರು? ಗೊತ್ತಿಲ್ಲ. ಅಲ್ಲಿ ತಂದಿ ಯಾರು? ಗೊತ್ತಿಲ್ಲ. ಹಂಗಂದ್ರ ಇಬ್ರೂ ಒಬ್ಬನೇ ಏನು?"

ನಾನು ಆ ಎರಡು ಖಾಲಿ ಜಾಗಗಳನ್ನು ಮತ್ತೊಮ್ಮೆ ನೋಡಿದೆ.

"ಹೌದು ಅಂತನೂ ಹೇಳಾಕ ಬರಲ್ಲ, ಅಲ್ಲ ಅಂತನೂ ಹೇಳಾಕ ಬರಲ್ಲ. ಅದೂ ಹಂಗೇ ಅಂತದ, ಗೊತ್ತಿಲ್ಲ ಅಂತದ. ನಮ್ಮ ಷರತ್ತು ಹೌದು ಅಂದವ್ರನ್ನ ಮಾತ್ರ ಒಳಗ ಬಿಡ್ತದ."

ಹೊಸಬರೇ, ಈ ವಿಷಯ ನಿಮ್ಮ ಪುಸ್ತಕದಲ್ಲಿ ಅರ್ಧ ಪುಟದಲ್ಲಿ ಮುಗಿದಿರುತ್ತದೆ. ನನಗೂ ಅದು ಓದಿ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ಅದು ಏನೆಂದು ಮೊದಲ ಸಲ ಕಂಡೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಲಾರದ ಯಂತ್ರ! ನಮ್ಮ ಓಣಿಯಲ್ಲಿ ಇಂಥ ಒಂದು ಬಾಯಿಯೂ ಇಲ್ಲ. ಅದರ ಪ್ರಾಮಾಣಿಕತೆಗೆ ಮನಸ್ಸು ತಲೆಬಾಗಿತು. ಅದೇ ಪ್ರಾಮಾಣಿಕತೆಯಿಂದ ಈ ಹುಡುಗಿ ಹೊರಗೆ ನಿಂತಿದ್ದಳು.

ಶಿವಕುಮಾರ ಕೆಟ್ಟವನಲ್ಲ, ಆದರೆ ಬಾಯಿ ತಡೆಯುವುದಿಲ್ಲ. "ಅಲ್ಲವ್ವ, ಅಪ್ಪನ ಹೆಸರು ಯಾಕ ಬರ್ಸಿಲ್ಲ?" ಎಂದು ಕೇಳಿಬಿಟ್ಟ.

ಶಾಂತಾಬಾಯಿ ತಲೆ ತಗ್ಗಿಸಲಿಲ್ಲ. "ನನಗ ಸಣ್ಣಾಕಿದ್ದಾಗ ದೇವರಿಗಿ ಬಿಟ್ಟಾರ್ರಿ ಅಣ್ಣಾ. ಲಗ್ನ ಇಲ್ಲ, ಗಂಡ ಇಲ್ಲ. ನಮ್ಮ ಮಂದಿ ಮಕ್ಕಳಿಗಿ ಸಾಲ್ಯಾಗ ಮಾಸ್ತರು ಯಾವ್ದರ ದೇವರ ಹೆಸರು ಬರ್ಕೊಂಡು ಬಿಡ್ತಾರ. ನಮ್ಮಕಿಗೂ ಕೇಳಿದ್ರು, ಏನರ ಒಂದು ಹಚ್ಚಲೇನು ಅಂತ. ಬ್ಯಾಡಂದೆ. ನನಗ ದೇವರ ಹೆಸರಿಲೆ ಹಾಳು ಮಾಡ್ಯಾರ. ಅಕಿ ಹೆಸರಿನ ಮುಂದ ಮತ್ತ ಅವನ್ನೇ ಯಾಕ ತರ್ಲಿ?"

ಅವಳು ಮೆಟ್ಟಿಲ ಮೇಲೆ ಹೇಳಿದ ಕೊನೆಯ ಮಾತು ನನಗೆ ಈಗ ಅರ್ಥವಾಯಿತು. ಹಾಸ್ಟೆಲ್ಲಿಗೆ ಸೇರದಿದ್ದರೆ ಆ ಹುಡುಗಿಯ ಪಾಲಿಗೆ ಊರಿನಲ್ಲಿ ಏನು ಕಾದಿದೆ ಎಂದು ಆ ತಾಯಿಗೆ ಗೊತ್ತಿತ್ತು. ಒಂದು ಚೀಟಿಯ ಮೇಲೆ ಅಷ್ಟೆಲ್ಲ ನಿಂತಿತ್ತು.

ಶಿವಕುಮಾರನಿಗೆ ತನ್ನ ಮಾತು ಚುಚ್ಚಿತ್ತೆಂದು ಕಾಣುತ್ತದೆ, ತಾನೇ ದಾರಿ ಹುಡುಕಲು ಮುಂದಾದ. "ಸಾಹೇಬ್ರ, ಎರಡೂ ಟೇಬಲ್‌ನ್ಯಾಗ ಆ ಖಾಲಿ ಜಾಗದಾಗ ಒಂದು ಗೀಟು ತುಂಬಿಬಿಡೋಣ್ರಿ. ಗೀಟಿಗಿ ಗೀಟು ಹೊಂದ್ತದ, ಚೀಟಿ ಬರ್ತದ. ಒಂದು ನಿಮಿಷದ ಕೆಲ್ಸ."

ಮೂಲೆಯಲ್ಲಿ ನಿಂತಿದ್ದ ಸುನಂದಾ ಆಗ ಕೇಳಿದಳು. "ಆ ಗೀಟು ಚೀಟಿ ಮ್ಯಾಲ ಬರ್ತದೇನ್ರಿ ಸರ್?"

"ತಂದಿ ಹೆಸರು ಅಂತ ಇರ್ತದಲ್ಲವ್ವ, ಅದ್ರ ಮುಂದ ಬರ್ತದ."

"ಹಂಗಾದ್ರ ಬ್ಯಾಡ್ರಿ" ಎಂದಳು. "ಪರೀಕ್ಷಾ ಹಾಲಿನ್ಯಾಗ ಎಲ್ರೂ ಅದನ್ನೇ ನೋಡ್ತಾರ್ರಿ."

ಮುನೀರ್ ಸಾಹೇಬರು ಶಿವಕುಮಾರನ ಕಡೆ ನೋಡಿ ತಲೆಯಾಡಿಸಿದರು. "ಇಲ್ಲದ್ದನ್ನ ಅದ ಅಂತ ತುಂಬೋದು ಬ್ಯಾಡ. ಪ್ರಶ್ನೆ ನಮ್ದು ತಪ್ಪೇದ, ಪ್ರಶ್ನೆನೇ ಬದ್ಲಿ ಮಾಡೋಣು. ಆದ್ರ ತಂದಿ ಹೆಸರು ತೆಗೆದ್ರ ಜೂನ್ ಒಂದರ ಸುನಂದಾರೆಲ್ಲಾ ಒಬ್ಬರಿಗೊಬ್ರು ಕೂಡ್ಕೋತಾರ. ಒಬ್ಬಾಕಿ ಅಂಕ ಇನ್ನೊಬ್ಬಾಕಿಗಿ ಹೋಗ್ತಾವ. ಅದ್ರ ಜಾಗಾಕ್ಕ ಏನ್ ಹಾಕೋದು?"

ನಾನೂ ಸಾಹೇಬರೂ ಗಟ್ಟಿಯಾಗಿಯೇ ಒಂದೊಂದನ್ನು ಹೇಳಿ ನೋಡಿದೆವು. ಊರು ಹಾಕೋಣವೆಂದರೆ ಒಂದೇ ಊರಲ್ಲಿ ಒಂದೇ ಹೆಸರಿನವರು ಇರುತ್ತಾರೆ. ಶಾಲೆ ಹಾಕೋಣವೆಂದರೆ ಅರ್ಜಿಯಲ್ಲಿ ಶಾಲೆಯನ್ನೇ ಕೇಳಿರಲಿಲ್ಲ. ಬಾಯಿಂದ ಹೇಳುವ ಪದ್ಧತಿಯಿದ್ದುದರಿಂದ ನಮ್ಮ ತಕರಾರೆಲ್ಲ ಶಾಂತಾಬಾಯಿಗೆ ಕೇಳುತ್ತಿತ್ತು. ಅವಳು ಸಂಕೋಚದಿಂದಲೇ ಕೇಳಿದಳು:

"ಬಾಯಾರ, ಫಾರಂ ತುಂಬುವಾಗ ನನ್ನ ಹೆಸರೂ ಕೇಳಿದ್ರಲ್ರಿ. ಅದನ್ನ ತಗೊಂಡು ನೀವ್ ಏನ್ ಮಾಡ್ತೀರಿ?"

ನಾನು ಎರಡೂ ಟೇಬಲ್ ತೆರೆದು ನೋಡಿದೆ. ತಾಯಿಯ ಹೆಸರಿನ ಕಾಲಂ ಎರಡೂ ಟೇಬಲ್‌ನಲ್ಲಿತ್ತು. ಅದನ್ನು ಟೈಪು ಮಾಡಿಸುತ್ತಿದ್ದೆವು, ಜೋಪಾನವಾಗಿ ಇಡುತ್ತಿದ್ದೆವು. ಆದರೆ ಇಷ್ಟು ವರ್ಷಗಳಲ್ಲಿ ನಮ್ಮ ಕೇಂದ್ರದಲ್ಲಿ ಯಾರೂ ಒಂದು ಕ್ವೆರಿಯಲ್ಲಿ ಕೂಡ ಅದನ್ನು ಕೇಳಿರಲಿಲ್ಲ. ಅಲ್ಲಿ ಕೂತಿದ್ದ ನಾನೂ ಹೆಣ್ಣೇ, ನನಗೂ ಹೊಳೆದಿರಲಿಲ್ಲ.

ಆದರೆ ಮೊದಲು ಇನ್ನೊಂದು ತಿಳಿಯಬೇಕಿತ್ತು. ಸುನಂದಾ ಒಬ್ಬಳೇ ಹೀಗಾದವಳೋ? ಬಾಯಿಂದ ಹೇಳಿದೆ, "ಹೆಸರು, ಊರು ಆರಿಸು, ಅರ್ಜಿಗಳಿಂದ, ತಂದೆಯ ಹೆಸರು ನಲ್ ಇದ್ದಲ್ಲಿ." ಗುಂಡಿ ಒತ್ತಿದೆ. ಒಂದೆರಡು ಹೆಸರು ಬರಬಹುದು ಎಂದುಕೊಂಡಿದ್ದೆ. ಹೆಸರುಗಳು ಬರತೊಡಗಿದವು. ಕಮಲಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಪುರ. ಪರದೆ ತುಂಬಿ ಮೇಲೆ ಸರಿದು ಮತ್ತೆ ಬಂದವು. ಮಾಸ್ತರರು ಸುಳ್ಳು ಹೆಸರು ತುಂಬಲು ತಾಯಂದಿರು ಒಪ್ಪದ ಹುಡುಗಿಯರೋ, ಅಥವಾ ತಂದೆ ಬಿಟ್ಟು ಹೋದವರೋ, ನನಗೇನು ಗೊತ್ತು. ಇವರಲ್ಲಿ ಒಬ್ಬಳಿಗೂ ಚೀಟಿ ಹೋಗಿರಲಿಲ್ಲ. ಇವರಲ್ಲಿ ಯಾರೂ ಬಂದು ಕೇಳಿಯೂ ಇರಲಿಲ್ಲ. ತಮ್ಮಂಥವರಿಗೆ ಬರುವುದಿಲ್ಲ ಎಂದು ಸುಮ್ಮನಾಗಿದ್ದರೇನೋ. ನನ್ನ ಕಣ್ಣಲ್ಲಿ ನೀರು ಬಂತು, ಅಕ್ಷರಗಳು ಮಸುಕಾದವು. ಅವರೆಲ್ಲ ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ದಿನ ಆ ಪೆಟ್ಟಿಗೆಯ ಒಳಗೇ, ನಮ್ಮ ಎದುರಿಗೇ ಇದ್ದರು. ನಾವು ಕೇಳಿದ ರೀತಿಯಲ್ಲಿ ಅವರಿಗೆ ಜಾಗವಿರಲಿಲ್ಲ, ಅಷ್ಟೇ.

ಆಮೇಲೆ ಮೂರನೆಯ ಷರತ್ತನ್ನು ಅಳಿಸಿ ಬರೆದೆ. ಹೆಸರು ಒಂದೇ, ಹುಟ್ಟಿದ ತಾರೀಖು ಒಂದೇ, ತಾಯಿಯ ಹೆಸರು ಒಂದೇ. ಗುಂಡಿ ಒತ್ತಿದೆ. ಸುನಂದಾ ಬಂದಳು. ಅವಳ ಹಿಂದೆ ಚಿಂಚೋಳಿಯವಳು ಬಂದಳು, ಸೇಡಂನವಳು ಬಂದಳು. ಮೊದಲೇ ಚೀಟಿ ಪಡೆದವರೂ ಒಬ್ಬರೂ ತಪ್ಪದೆ ತಮ್ಮ ತಮ್ಮ ಅಂಕಗಳೊಂದಿಗೆ ಬಂದು ನಿಂತರು. ಅಷ್ಟೊಂದು ಹೆಸರುಗಳು ತಂತಮ್ಮ ಜೋಡಿ ಹುಡುಕಿಕೊಂಡು ಸಾಲುಗಟ್ಟಿದ್ದನ್ನು ನಾನು ಬಾಯಿ ತೆರೆದು ನೋಡುತ್ತ ಕೂತೆ. ಈ ಭಾಷೆಯ ಮೂರು ಸಾಲಿಗೆ ಎಂಥ ಶಕ್ತಿಯಿದೆ, ಎಷ್ಟು ಜನರ ಬಾಳಿನ ಬಾಗಿಲು ಅದರ ಒಂದು ಪದದ ಮೇಲೆ ತೆರೆದು ಮುಚ್ಚುತ್ತದೆ ಎಂದು ನೆನೆದರೆ ಈಗಲೂ ನನಗೆ ಭಯ ಭಕ್ತಿ ಎರಡೂ ಆಗುತ್ತವೆ. ನೀವು ಈ ಕೆಲಸಕ್ಕೆ ಬಂದಾಗ ಆ ಭಯವನ್ನು ಕಳೆದುಕೊಳ್ಳಬೇಡಿ.

ಮುನೀರ್ ಸಾಹೇಬರು ಟ್ರಸ್ಟಿನವರಿಗೆ ಫೋನು ಮಾಡಿ ಹೀಗೆ ಹೀಗೆ ಎಂದು ಹೇಳಿದರು. ಅಂಚೆಗೆ ಸಮಯವಿರಲಿಲ್ಲ. ಚೀಟಿಗಳನ್ನು ತಾಲೂಕುವಾರು ಕಟ್ಟು ಮಾಡಿ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಕಳಿಸುವುದೆಂದು ಆಯಿತು. ಶಿವಕುಮಾರ ಚೀಟಿಯ ನಮೂನೆಯನ್ನೇ ತಿದ್ದಿ, ತಂದೆಯ ಹೆಸರಿನ ಸಾಲು ತೆಗೆದು, ಆ ಜಾಗದಲ್ಲಿ ತಾಯಿಯ ಹೆಸರಿನ ಸಾಲು ಕೂಡಿಸಿದ. ಉಳಿದವರ ಚೀಟಿಯನ್ನೂ ಹಾಗೇ ಮತ್ತೆ ಅಚ್ಚು ಮಾಡಿ ಪರೀಕ್ಷಾ ಕೇಂದ್ರದಲ್ಲಿ ಬದಲಾಯಿಸಿ ಕೊಡೋಣ, ಇಲ್ಲದಿದ್ದರೆ ಇವರದಷ್ಟೇ ಬೇರೆಯಾಗಿ ಎದ್ದು ಕಾಣುತ್ತದೆ ಎಂದು ಹೇಳಿದವನೂ ಅವನೇ. ಸುನಂದಾಳ ಚೀಟಿ ಮೊದಲು ಬಂತು. ಅವಳು ಅದನ್ನು ತಾಯಿಗೆ ಓದಿ ಹೇಳಿ, ಎರಡು ಮಡಿಕೆ ಮಾಡಿ, ಮತ್ತೆ ಬಿಡಿಸಿ ಓದಿದಳು. ಅವಳು ಪರೀಕ್ಷೆ ಬರೆದಳು, ಸೀಟು ಸಿಕ್ಕಿತು, ಹಾಸ್ಟೆಲ್ಲಿಗೆ ಸೇರಿದಳು. ಓದು ಮುಗಿಸಿ ನರ್ಸ್ ಆಗಿ ಕೆಲಸಕ್ಕೆ ಹೋದಳು ಎಂದು ಆಮೇಲೆ ಕೇಳಿ ತಿಳಿದೆ.

ನಾನು ಹೇಳಬೇಕೆಂದಿದ್ದದ್ದು ಚೀಟಿಗಳು ಅಚ್ಚಾಗುತ್ತಿದ್ದಾಗ ನಡೆದ ಮಾತು. ಮುನೀರ್ ಸಾಹೇಬರಿಗೆ ಇನ್ನೂ ಸಮಾಧಾನವಿರಲಿಲ್ಲ. "ತಂದಿ ಹೆಸರಿನ್ಯಾಗ ಆಗಿದ್ದು ತಾಯಿ ಹೆಸರಿನ್ಯಾಗೂ ಆಗಬಾರದು ನೋಡ್ರಿ. ಎಷ್ಟು ಮಂದಿದು ಖಾಲಿ ಅದ, ಅದನ್ನೂ ಕೇಳಿಬಿಡ್ರಿ" ಎಂದರು. ಸರಿಯಾದ ಮಾತು. ನಾನು ಗಟ್ಟಿಯಾಗಿ ಹೇಳಿದೆ, "ಎಲ್ಲವನ್ನೂ ಆರಿಸು, ಮೊದಲು ಅರ್ಜಿಗಳಿಂದ, ಆಮೇಲೆ ಶಾಲೆಗಳ ಟೇಬಲ್‌ನಿಂದ, ತಾಯಿಯ ಹೆಸರು ನಲ್ ಇದ್ದಲ್ಲಿ." ಗುಂಡಿ ಒತ್ತಿದೆ. ಯಂತ್ರ ಯೋಚಿಸಿತು. ಒಂದು ಸಾಲೂ ಬರಲಿಲ್ಲ. ನಂಬಿಕೆಯಾಗದೆ ಮತ್ತೆ ಒತ್ತಿದೆ. ಅಷ್ಟು ತಾಲೂಕುಗಳು, ಅಷ್ಟು ಶಾಲೆಗಳು, ಅಷ್ಟು ಅವಸರದ ಕೈಬರಹ, ಏನೇನೋ ಬಿಟ್ಟುಹೋಗಿದ್ದ ಅರ್ಜಿಗಳು. ಪಿನ್ ಕೋಡ್ ಬಿಟ್ಟವರಿದ್ದರು, ಊರಿನ ಹೆಸರು ಬರೆಯದವರೂ ಇದ್ದರು. ಇದೊಂದನ್ನು ಮಾತ್ರ ಯಾರೂ ಬಿಟ್ಟಿರಲಿಲ್ಲ. ನಾನು ಪರದೆಯ ಮುಂದೆ ಕೈ ಮುಗಿದುಬಿಟ್ಟೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

ನಮ್ಮಿಬ್ಬರನ್ನೂ ನೋಡಿ ಶಾಂತಾಬಾಯಿಗೆ ಮತ್ತೆ ಏನೋ ಕೆಟ್ಟಿತೆಂದು ಹೆದರಿಕೆಯಾಯಿತು.

"ಏನಾತ್ರಿ ಬಾಯಾರ? ಏನ್ ಬಂತು ಅದ್ರಾಗ?"

"ಏನೂ ಬರ್ಲಿಲ್ಲವ್ವ. ಅವ್ವನ ಹೆಸರು ಇಲ್ಲದ್ದು ಒಂದು ಮಗೂನೂ ಇಲ್ಲ."

ಅವಳು ನನ್ನನ್ನು, ಆ ಯಂತ್ರವನ್ನು, ಮತ್ತೆ ನನ್ನನ್ನು ನೋಡಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಮುಖದಲ್ಲಿ ನಗು ಬಂತು.

"ಇದನ್ನೂ ಅದಕ್ಕೇ ಕೇಳಬೇಕಿತ್ತೇನ್ರಿ?"